ಸುಮಾತ್ರದಿಂದ ಬರುವ ಜೋಡಿ

"ಗುಂಡಿ ಹತ್ತಿರ ಯಾರೂ ಅಡ್ಡಾಡಬಾರದು" ಎಂದಷ್ಟೇ ಹೈದರಾಬಾದಿನ ಸಾಹೇಬರು ಹೇಳಿದ್ದರು. ಗ್ಯಾನಪ್ಪ ಆ ಮಾತನ್ನು ಇಡೀ ಓಣಿಗೆ ಹಿಗ್ಗಿಸಿಕೊಂಡದ್ದೇ ಎಲ್ಲ ಫಜೀತಿಗೂ ಮೂಲ.

ಗ್ಯಾನಪ್ಪ ಯಲಬುರ್ಗಾದ ತಹಶೀಲ್ ಕಚೇರಿಯ ಜವಾನ. ಅವನ ಹಿತ್ತಿಲಲ್ಲಿ ಎರೆಮಣ್ಣು ಕೆದರಿದರೆ ಗಟ್ಟಿ ಬಂಡೆ ಸಿಗುತ್ತಿತ್ತು. ೧೯೮೭ರ ಬೇಸಿಗೆಯಲ್ಲಿ ಸಾಹೇಬರು ಅಲ್ಲಿ ಗುಂಡಿ ತೋಡಿಸಿ, ಭೂಕಂಪ ಅಳೆಯುವ ಯಂತ್ರ ಕೂರಿಸಿದರು. ಮರುದಿನ ಬೆಳಿಗ್ಗೆ ಕೊಪ್ಪಳದ ಬಸ್ಸು ಹತ್ತುವ ಮುನ್ನ ಅವನಿಗೆ ಬಿಡಿಸಿ ಹೇಳಿದರು.

"ಸುಮಾತ್ರದ ಸಮುದ್ರದಡಿ ಭೂಮಿಯ ಒಂದು ಪದರ ಇನ್ನೊಂದರ ಕೆಳಗೆ ಜಾರಿ ಇಳೀತದೆ. ಅದರ ಸುತ್ತ ಆಳದಲ್ಲಿ ಕಾದ ಕಲ್ಲು ಹರೀತದೆ. ಹರಿದ ಕಡೆಗೆ ಕಲ್ಲಿನ ಹರಳುಗಳು ಸಾಲಾಗಿ ತಿರುಗ್ತವೆ. ಭೂಕಂಪದ ಅಲೆ ಅಂಥ ಕಲ್ಲು ದಾಟುವಾಗ ಸೀಳಿ ಎರಡಾಗ್ತದೆ. ಒಂದು ಬೇಗ ಬರ್ತದೆ, ಇನ್ನೊಂದು ತಡವಾಗಿ. ಎರಡರ ದಿಕ್ಕು, ನಡುವಿನ ಅಂತರ ಸಿಕ್ಕರೆ ಕಲ್ಲು ಎತ್ತ ಹರೀತಿದೆ ಅಂತ ತಿಳೀತದೆ."

"ಕಲ್ಲು ಕರಗೇತೇನ್ರಿ ಸಾಹೇಬ್ರ?"

"ಇಲ್ಲ. ಗಟ್ಟಿಯಾಗಿದ್ದೇ ಹರೀತದೆ."

ಗ್ಯಾನಪ್ಪನ ತಲೆ ನಾದಿಟ್ಟ ಹಿಟ್ಟಿನಂತಾಯಿತು. "ಅಲೆ ಕೆಟ್ಟರೆ ತಹಶೀಲ್ದಾರರಿಗೆ ಹೇಳಬೇಕಾಗ್ತದೆ" ಎಂದು ಸಾಹೇಬರು ಕೊನೆಗೆ ಹೇಳಿದ್ದೊಂದು ಮಾತ್ರ ನೆಟ್ಟಗೆ ಕೇಳಿಸಿತು. ತಹಶೀಲ್ದಾರರ ಸಿಟ್ಟು ಅಂದರೆ ಎತ್ತಂಗಡಿಯೇ.

ಬಸ್ಸು ಮರೆಯಾದದ್ದೇ ತಡ, ಗಿಡ್ಡಪ್ಪನ ಹಿಟ್ಟಿನ ಗಿರಣಿಗೆ ಓಡಿದ.

"ಗಿರಣಿ ಬಂದ್ ಮಾಡೋ ಮಾರಾಯ! ಸರ್ಕಾರದ ಹುಕುಂ. ಸುಮಾತ್ರದಿಂದ ಬರೋದೈತಿ. ಮೊದಲ ಒಂದು, ಹಿಂದಿಂದ ಇನ್ನೊಂದು. ಸಪ್ಪಳಾದ್ರ ಕೆಡತೈತಿ!"

ಗಿರಣಿಯ ಗದ್ದಲಕ್ಕೆ ಗಿಡ್ಡಪ್ಪನ ಕಿವಿ ಅರ್ಧ ಹೋಗಿತ್ತು. ಅವನಿಗೆ ಕೇಳಿಸಿದ್ದು 'ಸುಮಿತ್ರಾ'. ಕಣ್ಣರಳಿಸಿ ಗಿರಣಿ ನಿಲ್ಲಿಸಿದ, ಹಿಟ್ಟಿಗೆ ಬಂದವರಿಗೆಲ್ಲ ಸುದ್ದಿ ಹಂಚಿದ.

ಅಲ್ಲಿಂದ ಗ್ಯಾನಪ್ಪ ಪಕ್ಕದ ಮನೆಗೆ ನುಗ್ಗಿ, ಮೆಣಸಿನಕಾಯಿ ಕುಟ್ಟುತ್ತಿದ್ದ ಸರ್ದಾರಬೀಗೆ ಕೈಮುಗಿದ. "ಚಾಚಿ, ಇವತ್ತೊಂದಿನ ಕುಟ್ಟಬ್ಯಾಡ್ರಿ."

"ಅರೆ, ನನ್ನ ಖಾರಕ್ಕೂ ನಿನ್ನ ಗುಂಡಿಗೂ ಏನು ಸಂಬಂಧ?"

ಗ್ಯಾನಪ್ಪನಿಗೂ ಅದು ತಿಳಿದಿರಲಿಲ್ಲ. ಹಿತ್ತಿಲಿಗೆ ಮರಳಿ, ಕೋಳಿ ಬಂದೀತೆಂದು ಗುಂಡಿಯ ಸುತ್ತ ಗಾಣದ ಎತ್ತಿನಂತೆ ತಿರುಗತೊಡಗಿದ.

ಮಧ್ಯಾಹ್ನದ ಹೊತ್ತಿಗೆ ಹಿಟ್ಟಿಲ್ಲದೆ ಓಣಿಯಲ್ಲಿ ರೊಟ್ಟಿ ನಿಂತವು. ಜೋಳದ ಬುಟ್ಟಿ ಹೊತ್ತವರೆಲ್ಲ ಅವನ ಬಾಗಿಲಿಗೆ ಬಂದರು. ಮುಂದೆ ನಿಂತವಳು ಹೆಂಡತಿ ಯಮನೂರಮ್ಮ.

"ಯಾವಾಕಿ ಆಕಿ ಸುಮಿತ್ರಾ?"

"ಸುಮಿತ್ರಾ ಅಲ್ಲಲೇ, ಸುಮಾತ್ರ! ಊರು ಅದು."

"ಯಾವ ಊರಾಕಿ ಅಂತನ ಕೇಳಾಕತ್ತೀನಿ."

"ಸಮುದ್ರದಾಚಿಂದು!"

"ಅಷ್ಟು ದೂರದಾಕಿ! ಹಿಂದ ಇನ್ನೊಬ್ಬಾಕಿನೂ ಬರ್ತಾಳಂತಲ್ಲ?"

"ಎರಡೂ ಒಂದೇ. ನಡುದಾರ್ಯಾಗ ಸೀಳಿ ಎರಡಾಗ್ಯಾವು!"

ಯಮನೂರಮ್ಮ ಸೆರಗು ಬಾಯಿಗಿಟ್ಟು ಅಳತೊಡಗಿದಳು. "ಇವಗ ತಲಿ ಕೆಟ್ಟೈತಿ," ಎಂದು ಗಿಡ್ಡಪ್ಪ ತೀರ್ಪು ಕೊಟ್ಟ. ಗ್ಯಾನಪ್ಪ ಮಾತ್ರ ಸುತ್ತು ಬಿಡಲಿಲ್ಲ. ಎತ್ತಂಗಡಿ ತಪ್ಪಿದರೆ ಸಾಕಿತ್ತು.

ಸಂಜೆ ಸಾಹೇಬರು ಬಂದರು. ಯಂತ್ರದ ಕಾಗದ ಬಿಚ್ಚಿದವರ ಮುಖ ಅರಳಿತು. "ಭೂಕಂಪ ಆಗಿದೆ! ಸುಮಾತ್ರದ ಕಡೇದೇ!"

ಓಣಿಯವರೆಲ್ಲ ಹಿಂಬಾಗಿಲಿಗೆ ಮುಗಿಬಿದ್ದರು. ಗ್ಯಾನಪ್ಪ ಎದೆಯುಬ್ಬಿಸಿದ. "ಗಿರಣಿ, ಕುಟ್ಟೋದು, ಎಲ್ಲಾ ಬಂದ್ ಮಾಡಿಸೀನ್ರಿ!"

"ಯಾಕೆ? ಅವೆಲ್ಲ ಸಣ್ಣ, ಚುರುಕು ನಡುಕ. ನಮ್ಮ ಅಲೆ ಬಹಳ ನಿಧಾನದ್ದು. ಗಿರಣಿ ಇಡೀ ದಿನ ತಿರುಗಿದ್ದರೂ ಚಿಂತೆ ಇರಲಿಲ್ಲ."

ಓಣಿಯವರೆಲ್ಲ ಗ್ಯಾನಪ್ಪನ ಕಡೆ ತಿರುಗಿದರು. ಸಾಹೇಬರು ಕಾಗದವನ್ನು ಇನ್ನಷ್ಟು ಬಿಚ್ಚಿ ಹುಬ್ಬು ಗಂಟಿಕ್ಕಿದರು.

"ಆದರೆ ಇದೇನು? ಎರಡು ಅಲೆ ಬೇರೆಯಾಗೋ ಜಾಗವೇ ಹಾಳಾಗಿದೆ. ಯಾರೋ ಗುಂಡಿ ಸುತ್ತ ತಿರುಗಿ ತಿರುಗಿ ನೆಲವನ್ನೇ ವಾಲಿಸಿದ್ದಾರೆ. ಯಾರವನು?"

ಯಾರೂ ಬೆರಳು ತೋರಿಸಬೇಕಾಗಿರಲಿಲ್ಲ. ಗುಂಡಿಯ ಸುತ್ತ ಗ್ಯಾನಪ್ಪನ ಚಪ್ಪಲಿ ಸವೆಸಿದ ದಾರಿಯೇ ಬಿದ್ದಿತ್ತು.

"ಇನ್ನೊಂದು ಭೂಕಂಪ ಬರೋವರೆಗೂ ಯಂತ್ರ ಇಲ್ಲೇ ಇರಬೇಕು," ಸಾಹೇಬರು ನಿಟ್ಟುಸಿರಿಟ್ಟರು. "ತಿಂಗಳಾಗಬಹುದು, ವರ್ಷವೂ ಆಗಬಹುದು."

"ನೀವು ಆರಾಮ ಹೋಗ್ರಿ ಸಾಹೇಬ್ರ," ಎಂದ ಗಿಡ್ಡಪ್ಪ. "ಇನ್ನ ಓಣ್ಯಾಗಿನ ಮಂದಿ ಎಲ್ಲಾ ಕೂಡಿ ಕಾಯ್ತೀವಿ. ಕಾಯೋದರ ಎಷ್ಟು ಮಂದೀನ? ಒಬ್ಬಾವನ್ನ."

ಕತ್ತಲಾಗುವ ಹೊತ್ತಿಗೆ ಗ್ಯಾನಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಿತ್ತಿಲಿನ ಬಚ್ಚಲಿಗೆ ಹೊರಟ. ಹಿಂಬಾಗಿಲಿಗೆ ಅಡ್ಡವಾಗಿ ಯಮನೂರಮ್ಮ ಕೂತಿದ್ದಳು, ಪಕ್ಕದಲ್ಲಿ ಸರ್ದಾರಬೀ.

"ಮುಂದ ಕಾಲಿಡಬ್ಯಾಡ," ಎಂದಳು ಯಮನೂರಮ್ಮ. "ಸುಮಾತ್ರದಿಂದ ಬರೋದೈತಿ. ಅದು ಬರೋತನಕ ಗಿರಣಿ ಮುಂದಿನ ನಳದಾಗ ಮೈ ತೊಳ್ಕೊ."