ರಟ್ಟಪ್ಪನ ಗುಟ್ಟು

ಎಲ್ಲ ಶುರುವಾದದ್ದು ಒಂದು ಬಾಯಿಮಾತಿನಿಂದ. "ಓಟಿಗೆ ನಿಂತಿರೋ ಈ ಇಬ್ಬರಿಗಿಂತ ನಾನು ನಿಂತ್ರೇ ವಾಸಿ," ಎಂದು ಅಂಟು ಕಲಸುತ್ತಾ ಅಂದಿದ್ದ, ಅಷ್ಟೇ. ಮೂವತ್ತು ವರ್ಷದಿಂದ ಪುಸ್ತಕಗಳಿಗೆ ರಟ್ಟು ಕಟ್ಟಿ ಕಟ್ಟಿ ಊರವರ ಬಾಯಲ್ಲಿ ರಟ್ಟಪ್ಪ ಎಂದೇ ಆಗಿಹೋಗಿದ್ದ ಬಡಪಾಯಿ ಅವನು. ಹಾಳು ಗೋಡೆಗೆ ಹೇಳಿದ ಮಾತು ಅದು. ಆದರೆ ಭಾವಮೈದ ಅಂಗಡಿಯಲ್ಲೇ ಕೂತಿದ್ದ. ಕೆಲಸವಿಲ್ಲದ ಭಾವಮೈದನ ಎದುರು ಬಾಯಿ ಬಿಡಬಾರದು ಎಂದು ತಿಳಿದವರು ಸುಮ್ಮನೆ ಹೇಳುತ್ತಾರೆಯೇ? ಮರುದಿನವೇ ಅವನು ಹತ್ತು ಜನರ ಸಹಿ ಹಾಕಿಸಿಕೊಂಡು ಬಂದು ಭಾವನನ್ನು ಶಾಸನಸಭೆಯ ಚುನಾವಣೆಗೆ ನಿಲ್ಲಿಸಿಯೇಬಿಟ್ಟ.

ನಾಮಪತ್ರ ವಾಪಸ್ ಪಡೆಯಲು ಕೊನೆಯ ದಿನ ಮಧ್ಯಾಹ್ನ ಮೂರರವರೆಗೆ ಸಮಯವಿತ್ತು. ಅಂದೇ ಶಾಲೆಯ ಹಾಜರಿ ಪುಸ್ತಕಗಳಿಗೆ ಅಂಟು ಬಳಿದಾಗಿತ್ತು. ಅಂಟು ಹಸಿಯಿರುವಾಗ ಕೈಬಿಟ್ಟು ಎದ್ದರೆ ಪುಸ್ತಕದ ಬೆನ್ನು ಸೊಟ್ಟಗಾಗುತ್ತದೆ. ಅವನು ಏದುಸಿರು ಬಿಡುತ್ತಾ ಕಚೇರಿ ಮುಟ್ಟಿದಾಗ ಮೂರು ಗಂಟೆ ಹತ್ತು ನಿಮಿಷ. ಬಾಚಣಿಗೆಯ ಗುರುತು ಕೊಟ್ಟು ಕಳಿಸಿದರು. ಅವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ.

ನಗುವ ವಿಷಯವಲ್ಲ ಇದು. ಬೀಗದ ಗುರುತಿನಲ್ಲಿ ನಿಂತವರು ಅವನ ಅಂಗಡಿಯ ಮಾಲೀಕರು. ಗಂಟೆಯ ಗುರುತಿನವರು ಶಾಲೆಗಳ ಕಾರ್ಯದರ್ಶಿ. ಅವನ ಕೈಗೆ ಬರುವ ಕೆಲಸವೆಲ್ಲ ಅವರ ಶಾಲೆಗಳದ್ದೇ. ಕೂರುವ ಜಾಗ ಒಬ್ಬರದು, ಮಾಡುವ ಕೆಲಸ ಇನ್ನೊಬ್ಬರದು. ಇಬ್ಬರೂ ಬೇರೆ ಬೇರೆ ದಿನ ಅವನನ್ನು ಕರೆಸಿ ಒಂದೇ ಮಾತು ಹೇಳಿದ್ದರು: "ನಿಂತಿದ್ದು ನಿಂತಾಯ್ತು. ನಿನ್ನ ಸ್ವಂತ ಓಟಾದ್ರೂ ನನಗೇ ಹಾಕ್ತೀನಿ ಅಂತ ಮಾತು ಕೊಡು." ಇಬ್ಬರಿಗೂ ಕೊಟ್ಟಿದ್ದ. ರಟ್ಟಪ್ಪ ಜನ್ಮದಲ್ಲಿ ಮಾತಿಗೆ ತಪ್ಪಿದವನಲ್ಲ.

ಎಣಿಕೆಯ ದಿನ ಹೆಂಡತಿ ಇಸ್ತ್ರಿ ಮಾಡಿದ ಅಂಗಿ ತಂದುಕೊಟ್ಟಳು. ಅವಳ ಮುಖದಲ್ಲಿ ಮದುವೆ ಮನೆಯ ಕಳೆ.

"ಇದೇನು ಸಂಭ್ರಮ ನಿಂದು?" ಎಂದು ಗೊಣಗಿದ. "ಯಾರಾದ್ರೂ ಗೆಲ್ಲಲಿ, ಸಾವಿರದಲ್ಲಿ ಗೆಲ್ಲಲಿ ಅಂತ ಬೇಡ್ಕೋ. ಅಂತರ ನನ್ನ ಓಟಿಗಿಂತ ಕಡಿಮೆಯಾಯ್ತೋ, ಸೋತವರು ನೆಟ್ಟಗೆ ನನ್ನ ಕುತ್ತಿಗೆಗೇ ಬರ್ತಾರೆ."

"ಆಗಲಿ. ನಿಮಗೆ ಎಷ್ಟು ಬಂತು ಅಂತ ಮಾತ್ರ ಸರಿಯಾಗಿ ಕೇಳ್ಕೊಂಡು ಬನ್ನಿ," ಅಂದಳು ಅವಳು.

ಎಣಿಕೆಯ ಹಾಲ್‌ನಲ್ಲಿ ಉದ್ದುದ್ದ ಮೇಜುಗಳು, ಕಟ್ಟುಕಟ್ಟು ಮತಪತ್ರ. ಮೊದಲ ಸುತ್ತಿನಲ್ಲಿ ಬೀಗ ಒಂಬೈನೂರು ಮುಂದು. ರಟ್ಟಪ್ಪನಿಗೆ ಹೋದ ಜೀವ ಬಂದಂತಾಯಿತು. ಎರಡನೆಯದರಲ್ಲಿ ನಾನೂರಕ್ಕೆ ಇಳಿಯಿತು. ಮೂರನೆಯದರಲ್ಲಿ ಅರವತ್ತು. ಪಕ್ಕದಲ್ಲಿ ಭಾವಮೈದ ಕುಣಿಯುತ್ತಿದ್ದ.

"ಭಾವ, ನೂರು ದಾಟ್ತು! ಭಾವ, ಇನ್ನೂರು!"

"ಬಾಯ್ಮುಚ್ಚೋ! ಯಾವ ಪಾಪಿಗಳೋ ಅವರು? ನಾನೇನು ಅನ್ಯಾಯ ಮಾಡಿದ್ದೆ ಅವರಿಗೆ?"

ಕೊನೆಯ ಸುತ್ತು ಮುಗಿದಾಗ ಗಂಟೆ ಬೀಗಕ್ಕಿಂತ ಒಂದೇ ಒಂದು ಓಟು ಮುಂದಿತ್ತು. ಬಾಚಣಿಗೆಗೆ ಇನ್ನೂರ ಮೂರು.

ಮಾಲೀಕರು ನಿಧಾನವಾಗಿ ತಿರುಗಿದರು. "ಇನ್ನೂರ ಮೂರು ಜನ ಬೋಳುತಲೆಗೆ ಬಾಚಣಿಗೆ ಹಿಡಿದ್ರು. ಅದರಲ್ಲಿ ಎರಡು ನನಗೆ ಬಂದಿದ್ರೆ ನಾನು ಶಾಸಕ. ಆಗಲಿ ರಟ್ಟಪ್ಪ. ನಾಳೆ ಅಂಗಡಿ ಬೀಗದ ಕೈ ತಂದುಕೊಡು."

ರಟ್ಟಪ್ಪ ಎದ್ದುಬಿದ್ದು ಚುನಾವಣಾಧಿಕಾರಿಯ ಮೇಜಿಗೆ ಓಡಿದ. "ಸಾರ್, ಮರು ಎಣಿಕೆ ಮಾಡ್ಸಿ. ನನಗೆ ಬಹಳ ಅನ್ಯಾಯ ಆಗಿದೆ."

"ನಿಮ್ಮ ಓಟು ಕಡಿಮೆ ಎಣಿಸಿದ್ದಾರಾ?"

"ಜಾಸ್ತಿ ಎಣಿಸಿದ್ದಾರೆ ಸಾರ್!"

ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ದೂರು ಕೇಳದ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಮಾಲೀಕರೂ ದನಿಗೂಡಿಸಿದ್ದರಿಂದ ಮರು ಎಣಿಕೆ ನಡೆಯಿತು. ರಟ್ಟಪ್ಪ ತನ್ನ ಕಟ್ಟಿನ ಮೇಲೆ ಹದ್ದಿನಂತೆ ಬಗ್ಗಿ ನಿಂತ. ನೂರ ಎಂಬತ್ತು ದಾಟಿದ ಮೇಲೆ ಸಿಕ್ಕಿತು ಒಂದು ಮತಪತ್ರ: ಮುದ್ರೆ ಬೀಗಕ್ಕೂ ಬಾಚಣಿಗೆಗೂ ನಡುವಿನ ಗೆರೆಯ ಮೇಲೇ ಬಿದ್ದಿತ್ತು.

"ಇದು ನಂದಲ್ಲ! ಬೀಗದ್ದು, ನೋಡಿ ಸಾರ್, ಮೇಲಕ್ಕೇ ಜಾಸ್ತಿ ಇದೆ!"

ಕಾರ್ಯದರ್ಶಿ ಕೂಗಾಡಿದರು. ಅಧಿಕಾರಿ ಅಳತೆಪಟ್ಟಿ ಇಟ್ಟು ನೋಡಿ, "ಕೂದಲೆಳೆಯಷ್ಟು ಮೇಲಕ್ಕೇ ಇದೆ. ಅಭ್ಯರ್ಥಿಯೇ ಬೇಡ ಅಂತಾನೆ, ನಾನೇನು ಮಾಡ್ಲಿ?" ಎಂದು ಬೀಗದ ಕಟ್ಟಿಗೆ ಸೇರಿಸಿದರು.

ಈಗ ಬೀಗ, ಗಂಟೆ ಸಮಸಮ. ಅಂಗಡಿ ಉಳಿಯಿತು ಎಂದು ರಟ್ಟಪ್ಪ ಉಸಿರು ಬಿಡುವಷ್ಟರಲ್ಲಿ ಕಾರ್ಯದರ್ಶಿಯ ಕೈ ಅವನ ಹೆಗಲ ಮೇಲಿತ್ತು. "ನನ್ನ ಗೆಲುವನ್ನ ದಾನ ಮಾಡೋಕೆ ನೀನ್ಯಾವ ದೊರೆಯೋ? ಇನ್ನು ನಮ್ಮ ಶಾಲೆಯ ಒಂದು ಹಾಳೆ ನಿನ್ನ ಅಂಗಡಿಗೆ ಬಂದ್ರೆ ಕೇಳು. ಸಾರ್, ತಿರಸ್ಕರಿಸಿದ ಓಟುಗಳನ್ನೂ ಮತ್ತೆ ತೋರಿಸಿ!"

ತೋರಿಸಿದರು. ಮುದ್ದೆಯಾದವು, ಮುದ್ರೆಯೇ ಇಲ್ಲದವು, ಬೈಗಳು ಬರೆದವು. ಕೊನೆಗೊಂದನ್ನು ಎತ್ತಿ ಹಿಡಿದು ಅಧಿಕಾರಿ ತಲೆದೂಗಿದರು. "ಆಹಾ, ಯಾರು ಮಡಚಿದ್ದಪ್ಪಾ ಇದನ್ನ? ಅಂಚಿಗೆ ಅಂಚು, ಉಗುರಲ್ಲಿ ಗೀರಿ ಮಡಚಿದ್ದಾರೆ. ಬೈಂಡಿಂಗ್ ಮಾಡಿದ ಹಾಗಿದೆ. ಆದ್ರೆ ಪುಣ್ಯಾತ್ಮ ಬೀಗಕ್ಕೂ ಒತ್ತಿದ್ದಾನೆ, ಗಂಟೆಗೂ ಒತ್ತಿದ್ದಾನೆ."

ಆ ಮಡಿಕೆ ಮಾಲೀಕರ ಮನೆಯ ಪುಸ್ತಕಗಳಲ್ಲಿತ್ತು, ಕಾರ್ಯದರ್ಶಿಯ ಕಪಾಟಿನಲ್ಲೂ ಇತ್ತು. ಇಬ್ಬರೂ ಒಟ್ಟಿಗೇ ತಿರುಗಿದರು. ಗುಟ್ಟು ರಟ್ಟಾಯಿತು.

"ಇಬ್ಬರಿಗೂ ಮಾತು ಕೊಟ್ಟಿದ್ದೆ," ಅಂದ ರಟ್ಟಪ್ಪ, ಅಳುವ ದನಿಯಲ್ಲಿ. "ಉಳಿಸ್ಕೊಂಡೆ."

ಸಮಬಲವಾದರೆ ಚೀಟಿ ಎತ್ತಬೇಕೆಂದು ನಿಯಮ. ಎರಡು ಚೀಟಿ ಡಬ್ಬಿಗೆ ಹಾಕಿದ ಅಧಿಕಾರಿ ಸುತ್ತ ನೋಡಿದರು. "ಎರಡೂ ಕಡೆಗೆ ಸೇರದವರು ಎತ್ತಬೇಕು. ನೀವೇ ಬನ್ನಿ ಮೂರನೆಯವರೇ." ಅವನು ಒಲ್ಲೆ ಒಲ್ಲೆ ಎಂದರೂ ಭಾವಮೈದ ಹಿಂದಿನಿಂದ ತಳ್ಳಿದ. ಅವನ ಕೈಗೆ ಬಂದದ್ದು ಗಂಟೆಯ ಚೀಟಿ.

ಮಾಲೀಕರು ಕೈ ಚಾಚಿದರು. ಅವನು ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ಅಲ್ಲೇ ಕೊಟ್ಟ. ಗೆದ್ದ ಕಾರ್ಯದರ್ಶಿಯಾದರೂ ಕರಗಿದರೇ? ಕೊರಳ ತುಂಬ ಹಾರ ಹಾಕಿಕೊಂಡು, "ಅರ್ಧ ಓಟಿನವನ ಋಣ ನನಗೆ ಬೇಡ," ಎಂದು ಹೊರಟುಹೋದರು. ಹತ್ತು ವರ್ಷ ಮುಖ ನೋಡದ ಆ ಇಬ್ಬರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಸಂಜೆ ಕಾಲೆಳೆಯುತ್ತಾ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಎಷ್ಟು ಬಂತು?"

"ಅಂಗಡಿ ಹೋಯ್ತು. ಕೆಲಸಾನೂ ಹೋಯ್ತು."

"ನನ್ನ ತಮ್ಮ ಬಂದು ಅಷ್ಟು ಮಾತ್ರ ಹೇಳಿ ಹೋದ. ಮೂವತ್ತು ವರ್ಷ ಇಬ್ಬರೂ ಕೂತು ಮಡಚಿದ್ದೀವಿ, ಇನ್ನೆಲ್ಲಾದರೂ ಕೂತು ಮಡಚೋಣ. ಓಟು ಎಷ್ಟು ಅಂದೆ."

"ಇನ್ನೂರ ಎರಡು."

ಅವಳ ಕಣ್ಣು ಅರಳಿತು. "ಇನ್ನೂರ ಎರಡು ಜನ! ಅದರಲ್ಲಿ ನಂದೂ ಒಂದು, ಗೊತ್ತಾ? ಹೇಳಿದ್ರೆ ಬೈತೀರಿ ಅಂತ ಸುಮ್ನಿದ್ದೆ. ಹಾಳಾದ್ದು ಕನ್ನಡಕ ಮರೆತು ಹೋಗಿದ್ದೆ, ಮುದ್ರೆ ಒಂಚೂರು ಮೇಲೆ, ಗೆರೆ ಮೇಲೇ ಬಿದ್ದುಬಿಡ್ತು. ಅವತ್ತಿಂದ ನಿದ್ದೆ ಇಲ್ಲ ನನಗೆ." ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಳು. "ಅದನ್ನ ಲೆಕ್ಕಕ್ಕೆ ತಗೊಂಡ್ರಾ?"

ರಟ್ಟಪ್ಪ ಬಹಳ ಹೊತ್ತು ಚಪ್ಪಲಿ ಬಿಡುತ್ತಲೇ ನಿಂತ.

"ತಗೊಂಡ್ರು," ಅಂದ.

ಯಾರ ಲೆಕ್ಕಕ್ಕೆ ಎಂದು ಅವಳು ಕೇಳಲಿಲ್ಲ.