ತಾರಸಿಯ ಮೇಲೆ ಹಾಲಮ್ಮನವರ ಕಣ್ಣು ಗೆದ್ದ ಸಂಡಿಗೆಕಾಳಗ

ಕೃತ, ತ್ರೇತಾ, ದ್ವಾಪರಗಳು ಕಳೆದು, ಕಲಿಯುಗಕ್ಕೂ ಮಂಡಿನೋವು ಬಂದು, ರುಬ್ಬುಗುಂಡಿನ ಸಿಂಹಾಸನವನ್ನು ಮಿಕ್ಸಿಯು ಆಕ್ರಮಿಸಿಕೊಂಡಿದ್ದ ಆ ಮಹಾಯುಗದಲ್ಲಿ, ದಾವಣಗೆರೆಯೆಂಬ ನವನೀತದೋಸೆಪರಿಮಳಪರಿವೇಷ್ಟಿತ ನಗರಿಯಲ್ಲಿ, ಸೌಟುಖಡ್ಗಧಾರಿಣಿಯೂ ಬೀಗರಗರ್ವಭಂಜನಿಯೂ ಆದ ಹಾಲಮ್ಮನವರ ಕಣ್ಣುಗಳನ್ನು ನಾನು ಹಾಡುತ್ತೇನೆ. ವೀರರ ತೋಳುಗಳನ್ನು ಹಾಡುವವರು ಬೀದಿಗೊಬ್ಬರಿದ್ದಾರೆ. ಕಣ್ಣಿನ ಒಳಪರದೆಯಲ್ಲಿ ಹಗಲಿರುಳು ಪಹರೆ ಕಾಯುವ ಕೋಶವೀರರನ್ನು ಹಾಡಿದವನು ಮೂರು ಲೋಕದಲ್ಲಿ ನಾನೊಬ್ಬನೇ. ಉತ್ಪ್ರೇಕ್ಷೆ ಮಾತ್ರ ನನಗೆ ಹುಟ್ಟಿನಿಂದಲೇ ಆಗಿಬರುವುದಿಲ್ಲ.

ಕಾಳಗಕ್ಕೆ ಕಾರಣ ಇಷ್ಟು. ಮಗಳ ನಿಶ್ಚಿತಾರ್ಥದ ಊಟದಲ್ಲಿ ಹೊಸ ಬೀಗಿತಿ ಎಲೆಯ ಮೂಲೆಯನ್ನು ದಿಟ್ಟಿಸಿ, "ನಿಮ್ ಮನ್ಯಾಗೆ ಸಂಡಿಗಿ ಮಾಡೋ ರೂಢಿ ಇಲ್ಲೇನ್ರೀ?" ಎಂದುಬಿಟ್ಟಿದ್ದರು. ಆ ಮಾತು ಹಾಲಮ್ಮನವರ ಎದೆಯಲ್ಲಿ ವಿಷಲೇಪಿತ ಬಾಣವಾಗಿ ನಾಟಿತು. ಆ ಬೀಗಿತಿಯೇ ನಾಡಿದ್ದು ಊಟಕ್ಕೆ ಬರುವವರು. ಹಾಲಮ್ಮನವರು ಸಬ್ಬಕ್ಕಿಯನ್ನು ಕಡಲಿನಂತೆ ಕುದಿಸಿ, ತಾರಸಿಯ ಬಿಳಿ ಪಂಚೆಯ ಮೇಲೆ ನಕ್ಷತ್ರಮಂಡಲವೇ ನಾಚುವಂತೆ ಸಂಡಿಗೆ ಇಟ್ಟರು. ಕಾವಲಿಗೆ ಪತಿಯನ್ನು ನೇಮಿಸಿದರು.

"ಮಂಗ ಬರ್ತಾವ. ಕಣ್ಣು ಮುಚ್ಚೀರಿ ಮತ್ತೆ!"

"ನಾನಿರೋತನ್ಕ ಒಂದು ನೊಣ ಇಳಿಯಂಗಿಲ್ಲ, ಹೋಗು," ಎಂದು ಎದೆಯುಬ್ಬಿಸಿದರು ಹತ್ತಿಗಿರಣಿಯ ನಿವೃತ್ತ ಮೇಸ್ತ್ರಿ, ಕಂದುಟವೆಲುಕಿರೀಟಿ ಮುರಿಗೆಪ್ಪನವರು.

ನೊಣ ಇಳಿಯಲಿಲ್ಲ, ಅದು ನಿಜ. ಆದರೆ ಅರೆ ಒಣಗಿದ ಸಂಡಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಸುಮ್ಮನೆ ಕುಳಿತ ಮಾನವನನ್ನು ಬ್ರಹ್ಮನು ಇನ್ನೂ ಸೃಷ್ಟಿಸಿಲ್ಲ. ಮೇಲೆ ಗರಿ, ಒಳಗೆ ಮೆತ್ತಗೆ! ಮುರಿಗೆಪ್ಪನವರು ಅಂಚಿನದೊಂದನ್ನು ಕಿತ್ತರು. ಸಾಲು ಸೊಟ್ಟಗೆ ಕಂಡಿದ್ದರಿಂದ ಪಕ್ಕದ್ದನ್ನೂ ಕಿತ್ತರು. ಹೀಗೆ ಸಾಲು ಸರಿಮಾಡುತ್ತ ಮಾಡುತ್ತ ಪಂಚೆಯ ಕಾಲುಭಾಗ ಬಯಲಾಯಿತು.

ಅಷ್ಟರಲ್ಲಿ, ಕಿಟಕಿಯಿಲ್ಲದ ಉಗ್ರಾಣದ ಕಗ್ಗತ್ತಲೆಯಲ್ಲಿ ಡಬ್ಬಿ ಹುಡುಕುತ್ತಿದ್ದ ಹಾಲಮ್ಮನವರಿಗೆ ಮೇಲಿನಿಂದ ಚಪ್ಪರಿಕೆಯ ಸದ್ದು ಕೇಳಿಸಿತು. ಪೊರಕೆಯನ್ನು ಗದೆಯಂತೆ ಎತ್ತಿ, ಮೆಟ್ಟಿಲುಗಳನ್ನು ಗುಡುಗಿಸುತ್ತ ಮೇಲೇರಿ, ಬಾಗಿಲು ತಳ್ಳಿದರು.

ಅಯ್ಯೋ! ನಡುಮಧ್ಯಾಹ್ನದ ಸೂರ್ಯನು ಬಿಳಿ ಪಂಚೆಯಿಂದ ಪುಟಿದು ಆ ತಾಯಿಯ ಕಣ್ಣಿಗೆ ಸಾವಿರ ಭಲ್ಲೆಗಳನ್ನು ಎಸೆದನು. ಕತ್ತಲೆಗೆ ಹದಗೊಂಡಿದ್ದ ದಂಡಕೋಶಗಳು ಒಂದೇ ಏಟಿಗೆ ಮೂರ್ಛೆಹೋದವು. ಬಣ್ಣ ಬಲ್ಲ ಶಂಕುಕೋಶಗಳು "ಬೆಳಕು! ಬೆಳಕು!" ಎಂದು ಬೊಬ್ಬಿಟ್ಟವೇ ಹೊರತು ಚಿತ್ರ ಬರೆಯಲಿಲ್ಲ. ಕಂಡದ್ದು ಬರೀ ಬಿಳುಪು, ನಡುವೆ ಕುಕ್ಕರಗಾಲಲ್ಲಿ ಕುಳಿತ ಒಂದು ಕಂದು ಆಕಾರ.

"ಬಂದೇನೋ ಮೂಳ ಮಂಗ!" ಹಾಲಮ್ಮನವರು ಗರ್ಜಿಸಿದರು. "ನಮ್ಮನಿಯವರು ಎಲ್ಲಿ ಹಾಳಾಗಿ ಹೋದ್ರೋ!"

ಮುರಿಗೆಪ್ಪನವರು ಉತ್ತರಿಸಬಹುದಿತ್ತು. ಆದರೆ ಬಾಯಿತುಂಬ ಸಂಡಿಗೆ! ಹಲ್ಲಿಗೊಂದು, ಅಂಗುಳಿಗೊಂದು ಅಂಟಿದೆ. ಆಕೆಯ ಕಣ್ಣು ಬಿಸಿಲಿಗೆ ಹೊಂದಿಕೊಳ್ಳುವುದರೊಳಗೆ ನುಂಗಿದರೆ ಬದುಕು, ಇಲ್ಲವಾದರೆ ವೀರಸ್ವರ್ಗ. ಆ ಧೀರನು ಕುಲಗೌರವವನ್ನು ಗಾಳಿಗೆ ತೂರಿ, ಮಂಗನಾಗಿಯೇ ಉಳಿಯಲು ನಿಶ್ಚಯಿಸಿದನು.

"ಗುರ್ರ್," ಎಂದನು.

ಆಗ ಹಾಲಮ್ಮನವರ ಅಕ್ಷಿಪಟಲದ ಆಳದಲ್ಲಿ, ಸಂಖ್ಯೆಯಲ್ಲಿ ಅತ್ಯಲ್ಪರೂ ಸ್ಥೈರ್ಯದಲ್ಲಿ ಮೇರುಸಮಾನರೂ ಆದ ಬೆಳಕಳೆಯುವ ಕೋಶಗಳ ದಳಪತಿಯು ಎದ್ದು ನಿಂತು ನುಡಿದನು: "ಎಲೈ ಚಿತ್ರಕಾರರಿರಾ, ಕಿರುಚದಿರಿ! ಮುಖ ಬರೆಯುವುದು ನಿಮ್ಮ ವಿದ್ಯೆ. ಬಿಸಿಲೆಷ್ಟೆಂದು ತೂಗುವುದು ನನ್ನದು. ಮೆಲನಾಪ್ಸಿನ್ ಎಂಬ ವರ್ಣಕವಚವನ್ನು ತೊಟ್ಟು ಬೆಳಕನ್ನು ನಾನೇ ಸ್ವತಃ ಸವಿಯಬಲ್ಲೆ. ಇಲಿಯ ಕಣ್ಣಲ್ಲಿ ಕಾದವನು ನಾನು, ಮಂಗನ ಕಣ್ಣಲ್ಲಿ ಕಾದವನು ನಾನು. ಮರಿಗೆ ಹಾಲೂಡುವ ಕುಲದ ಕಣ್ಣುಗಳಲ್ಲೆಲ್ಲ ನಮ್ಮ ಠಾಣೆಯುಂಟು. ನೀವು ಬೆಚ್ಚಿ ಕಣ್ಣಪಾಪೆಯ ಬಾಗಿಲೆಳೆದಿರಿ, ಸರಿ. ಬಿಸಿಲಿರುವವರೆಗೂ ಅದನ್ನು ಹಿಡಿದು ನಿಲ್ಲುವವನು ಯಾರು? ನಾನು!"

ಹೀಗೆಂದು ಮಿದುಳಿಗೆ ದೂತನನ್ನಟ್ಟಿದನು. ಕಣ್ಣಪಾಪೆಯ ಹೆಬ್ಬಾಗಿಲು ಸಾಸಿವೆಯಷ್ಟಕ್ಕೆ ಕುಗ್ಗಿ ಅಲ್ಲೇ ನಿಂತಿತು. ಬಳಿಕ ನೆರೆಯ ಕೋಶಗಳಿಗೂ ಆಣತಿಯಾಯಿತು: "ಈ ಬೆಳಕನ್ನೇ ಇನ್ನು ಮಾಮೂಲಿ ಎಂದು ತಿಳಿಯಿರಿ. ಅದರಲ್ಲಿ ಹೆಚ್ಚುಕಡಿಮೆ ಕಂಡರಷ್ಟೇ ವರದಿ ಒಪ್ಪಿಸಿ."

ಕೂಗಾಟ ತಗ್ಗಿತು. ಬಿಳುಪಿನಿಂದ ಮೊದಲು ಪಂಚೆಯ ಅಂಚು ಎದ್ದಿತು. ಆಮೇಲೆ ಸಂಡಿಗೆಯ ಸಾಲು, ಅದರಾಚೆ ಸಾಲಿಲ್ಲದ ಬಯಲು. ಮಂಗನಿಗೆ ಬಾಲವಿರಲಿಲ್ಲ. ಮಂಗನ ಮೂಗಿನ ಮೇಲೆ ಕನ್ನಡಕವಿತ್ತು.

ಎತ್ತಿದ ಪೊರಕೆ ಆಕಾಶದಲ್ಲೇ ನಿಂತಿತು.

"ರೀ. ಬಾಯಾಗೆ ಏನೈತಿ?"

"ಏವಿಲ್ಲ."

"ಆ ಅನ್ರಿ."

"ಆ..." ಎಂದವರ ಬಾಯಿಯೊಳಗೆ ಬ್ರಹ್ಮಾಂಡವಲ್ಲ, ಸಬ್ಬಕ್ಕಿ ಕಂಡಿತು.

"ಬೀಗಿತಿ ಮುಂದೆ ನನ್ನ ಮಾನ ತಿಂದ್ರಲ್ರೀ! ಮಂಗ ಆದ್ರೂ ನಾಚಿಕಿಪಟ್ಕಂಡು ಎರಡು ಬಿಡ್ತಿತ್ತು!"

"ಅಲ್ಲ ಕಣೇ," ಮುರಿಗೆಪ್ಪನವರು ಕಷ್ಟಪಟ್ಟು ನುಂಗಿ ಎಂದರು, "ಉಪ್ಪು ಜಾಸ್ತಿ ಆಗೈತೇನೋ ಅಂತ ಅನುಮಾನ ಬಂತು. ಒಂದರಾಗೆ ತಿಳೀಲಿಲ್ಲ."

"ನನ್ನ ಕೈಯಾಗ ಉಪ್ಪು ಜಾಸ್ತಿನಾ?" ಹಾಲಮ್ಮನವರು ಸಿಡಿದು ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡರು. ಅಗಿದರು. ಅಗಿಯುವುದನ್ನು ನಿಲ್ಲಿಸಿದರು. ದಿಕ್ಪಾಲಕರು ಉಸಿರು ಬಿಗಿಹಿಡಿದರು. ಖಾತ್ರಿಗೆಂದು ಇನ್ನೊಂದನ್ನು ಕಿತ್ತರು. ಕರಿದರೆ ಇದು ಇನ್ನೂ ಉಪ್ಪಾಗುತ್ತದೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಪೊರಕೆ ಕೆಳಗಿಳಿಯಿತು. ಆ ಮಹಾವೀರಾಂಗನೆ ಪತಿಯ ಪಕ್ಕದಲ್ಲಿ ಕುಳಿತು, ಟವೆಲಿನ ಅರ್ಧ ಎಳೆದು ತಮ್ಮ ತಲೆಗೂ ಹೊದ್ದುಕೊಂಡರು. ಇಬ್ಬರೂ ಸೇರಿ ಇನ್ನೊಂದು ಸಾಲು ಮುಗಿಸಿದರು.

"ರೀ, ಪೇಟಿಗೆ ಹೋಗಿ ಒಂದು ಪ್ಯಾಕೆಟ್ ಸಂಡಿಗಿ ತಂದುಬಿಡ್ರಿ. ಪ್ಯಾಕೆಟ್ ಅಲ್ಲೇ ಬಿಚ್ಚಿ, ಚೀಲಕ್ಕೆ ಸುರಕಂಡು ಬರ್ರಿ."

ಮುರಿಗೆಪ್ಪನವರು ಎದ್ದು ಮೆಟ್ಟಿಲಿಳಿದರು. ಹಿಂದಿನಿಂದ ಇನ್ನೊಂದು ರಣಘೋಷ ಮೊಳಗಿತು:

"ಹಂಗೇ ಎರಡು ಕಟ್ಟು ಕೊತ್ತಂಬರಿ!"