ಹನುಮೇಶ್ ಹೋದ ಪಿ.ಬಿ. ರಸ್ತೆ

ಆ ಭಾನುವಾರ ಬೆಳಿಗ್ಗೆ ಹನುಮೇಶ್ ಬರೆಯದೆ ಬಿಟ್ಟದ್ದು ನಾಲ್ಕೇ ಅಕ್ಷರ: ಹ, ರಿ, ಹ, ರ. ಉಳಿದದ್ದನ್ನೆಲ್ಲ ಸರಿಯಾಗಿಯೇ ಬರೆದಿದ್ದ. ‘ಪಿ.ಬಿ. ರಸ್ತೆ, ಪೆಟ್ರೋಲ್ ಬಂಕ್ ಎದುರು.’

ಪುಣೆ-ಬೆಂಗಳೂರು ಹಳೇ ಹೆದ್ದಾರಿ ತಾನು ಹಾದುಹೋದ ಊರಿಗೆಲ್ಲ ಒಂದೊಂದು ಪಿ.ಬಿ. ರಸ್ತೆಯನ್ನು ಬಿಟ್ಟುಹೋಗಿದೆ. ದಾವಣಗೆರೆಗೊಂದು, ಹರಿಹರಕ್ಕೊಂದು, ರಾಣೆಬೆನ್ನೂರಿಗೊಂದು, ಹಾವೇರಿಗೊಂದು. ಆದರೆ ಯಾವ ಊರಿನಲ್ಲಿ ಆ ಹೆಸರು ಹೇಳಿದರೂ ಕೇಳುವವರಿಗೆ ನೆನಪಾಗುವುದು ತಮ್ಮೂರಿನದು ಮಾತ್ರ.

ಹನುಮೇಶ್ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಪಂಪ್ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಕ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲನ್ನು ಪಕ್ಕಕ್ಕಿಡುವ ಮನುಷ್ಯ. ಅದೇ ಕಾರ್ಖಾನೆಯ ಫೋರ್‌ಮನ್ ಗುರುಮೂರ್ತಿ, ಮಹೇಂದ್ರ, ನಿಂಗರಾಜು ಮತ್ತು ಅವನು ವರ್ಷಕ್ಕೊಮ್ಮೆ ಬೈಕಿನಲ್ಲಿ ಪ್ರವಾಸ ಹೋಗುತ್ತಿದ್ದರು. ಮೂರು ಪ್ರವಾಸದಲ್ಲೂ ಹನುಮೇಶನದು ಕೊನೆಯ ಬೈಕು. ಬಾದಾಮಿಗೆ ಹೋದ, ವಿಜಯಪುರಕ್ಕೆ ಹೋದ, ಬೀದರ್‌ಗೂ ಹೋದ. ದಾರಿಯುದ್ದಕ್ಕೂ ಕಂಡದ್ದು ನಿಂಗರಾಜುವಿನ ನಂಬರ್ ಪ್ಲೇಟು, ಕುಡಿದದ್ದು ಮೂವರ ಧೂಳು.

ಕಳೆದ ಸಲ ಮುಂದಿದ್ದ ಮಹೇಂದ್ರ ಎಲ್ಲರನ್ನೂ ಬೀದರ್ ಕೋಟೆಯೆಂದು ಒಂದು ಕಲ್ಲು ಕ್ವಾರಿಯೊಳಗೆ ಇಳಿಸಿದ ಮೇಲೆ ಮುಂಚೂಣಿಯ ಬೈಕಿನ ಸ್ಥಾನ ಖಾಲಿಯಾಯಿತು. ಗುರುಮೂರ್ತಿ ಘೋಷಿಸಿದ: “ಸರಿಯಾದ ದಾರಿ ತೋರ್ಸೋ ಯಂತ್ರ ಯಾರು ತರ್ತೀರೋ, ಡಿಸೆಂಬರ್ ಪ್ರವಾಸದಾಗ ಅವರೇ ಮುಂದೆ.”

ಹನುಮೇಶ್ ಎರಡು ತಿಂಗಳು ಕಾರ್ಖಾನೆಯ ಶಿಸ್ತಿನಲ್ಲಿ ಹುಡುಕಿದ. ಮೊಬೈಲನ್ನು ಹ್ಯಾಂಡಲ್‌ಗೆ ಕಟ್ಟಿ ನೋಡಿದ. ಬಿಸಿಲಿಗೆ ಪರದೆ ಕಾಣಲಿಲ್ಲ, ಒಂದು ಗಂಟೆಯಲ್ಲಿ ದೋಸೆ ಕಾವಲಿಯಂತೆ ಕಾದು ಬಂದ್ ಆಯಿತು. ಅಂಚೆಯಲ್ಲಿ ತರಿಸಿದ ಅಗ್ಗದ ಯಂತ್ರ ದೇವರಾಜ ಅರಸು ಬಡಾವಣೆಯನ್ನು ಕೆರೆಯೆಂದು ತೋರಿಸಿತು. ಮೂರನೆಯದು ಸೈಫುಲ್ಲಾನ ಬೈಕ್ ಸಾಮಾನಿನ ಅಂಗಡಿಯಲ್ಲಿತ್ತು.

“ನೀರಾಗ ಮುಳುಗ್ಸಿ, ಬಿಸಿಲಾಗ ಇಡ್ರಿ, ಸಿಗ್ನಲ್ ಇಲ್ಲದ ಕಾಡಿಗೆ ಒಯ್ರಿ, ಏನೂ ಆಗಂಗಿಲ್ಲ,” ಎಂದಿದ್ದ ಸೈಫುಲ್ಲಾ. “ನಕ್ಷೆ ಪೂರಾ ಇದರ ಹೊಟ್ಟೆಯಾಗೇ ಐತೆ. ಉಪಗ್ರಹ ಒಂದು ಕಂಡ್ರೆ ಸಾಲದು ಭಾಯ್, ನಾಕು ಕಂಡ್ಮೇಲೇ ಬಾಯಿ ಬಿಡ್ತದೆ. ಅಷ್ಟು ಖಾನ್‌ದಾನಿ. ಒಂದಿನ ಒಯ್ದು ನೋಡ್ರಿ.”

ಹನುಮೇಶ್ ಅದನ್ನು ಅರ್ಧ ಗಂಟೆ ಬಕೆಟ್‌ನಲ್ಲಿ ಮುಳುಗಿಸಿದ. “ನನ್ ಸ್ನಾನಕ್ಕೆ ನೀವು ಇಷ್ಟು ಪ್ರೀತಿಯಿಂದ ಒಂದಿನ ಬಕೆಟ್ ನೀರು ತುಂಬ್ಲಿಲ್ಲ,” ಎಂದಳು ಹೆಂಡತಿ ಸುಷ್ಮಾ. ಯಂತ್ರ ಒದ್ದೆ ಮೈಯಲ್ಲೇ ಸರಸ್ವತಿ ನಗರದ ಅವನ ಮನೆಯ ಅಡ್ಡರಸ್ತೆಯನ್ನು ತೋರಿಸಿತು. ಹನುಮೇಶ್‌ಗೆ ಅದಕ್ಕೆ ಕೈಮುಗಿಯಬೇಕು ಅನ್ನಿಸಿತು.

ಭಾನುವಾರದ್ದು ಕೊನೆಯ ಪರೀಕ್ಷೆ. ಕಾರ್ಖಾನೆಯಿಂದ ನಿವೃತ್ತರಾದ ಹಯಾತ್ ಸಾಬ್ ಹರಿಹರದ ಪಿ.ಬಿ. ರಸ್ತೆಯಲ್ಲಿ ಹೊಸ ಮನೆ ಕಟ್ಟಿ ಎಲ್ಲರನ್ನೂ ಊಟಕ್ಕೆ ಕರೆದಿದ್ದರು. ಹನುಮೇಶ್ ಆ ಮನೆ ನೋಡಿರಲಿಲ್ಲ. ಯಂತ್ರದ ಮಾತು ಕೇಳಿ ಹುಡುಕಿಕೊಂಡು ಬರಬೇಕು. ಹನ್ನೊಂದಕ್ಕೇ ಮೂವರೂ ಬಂದು ಅವನ ಗೇಟಿನ ಮುಂದೆ ನಿಂತರು.

“ಮೊಬೈಲ್ ಕೊಡು,” ಎಂದು ನಿಂಗರಾಜು ಕೈಚಾಚಿ ಕಿಸೆಗೆ ಹಾಕಿಕೊಂಡ.

“ಇವತ್ತು ಪರೀಕ್ಷೆ ಯಂತ್ರದ್ದು, ನಿಂದಲ್ಲ,” ಎಂದ ಗುರುಮೂರ್ತಿ. “ಬುದ್ಧಿ ಮನೇಲಿಟ್ಟು ಬಾ. ಅದು ಹೇಳಿದ ಕಡೆ ಹೋಗು. ದಾರ್‍ಯಾಗ ಯಾರು ಏನಂದ್ರೂ ಕೇಳಬ್ಯಾಡ. ನಾವೇ ಬಂದು ಹೇಳಿದ್ರೂ ಕೇಳಬ್ಯಾಡ, ತಿಳೀತಾ?”

“ತಿಳೀತು ಸರ್.”

ಪಕ್ಕದ ಮನೆಯ ಕಮಲಕ್ಕ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತಿದ್ದರು. “ಹನುಮೇಶಣ್ಣ, ಹರಿಹರಕ್ಕೆ ಹೋಗಾಕ ಉಪಗ್ರಹ ಬೇಕಾ? ನಮ್ ಮನಿ ಎಮ್ಮಿ ಬಿಟ್ರೂ ಹೋಗಿ ಬರ್ತದಲ್ಲ!”

“ಇದು ಬೈಕಿನವರಿಗೆ ಅಂತ್ಲೇ ಮಾಡಿದ್ದು ಕಮಲಕ್ಕ. ತಿರುವು ಇರೋ ಚೆಂದದ ದಾರಿ ಹುಡುಕಿ ಕೊಡ್ತದೆ.”

“ಅಲ್ಲಾ, ಸೀದಾ ಇರೋ ಊರಿಗೆ ಡೊಂಕು ದಾರಿ ಹುಡುಕಾಕ ಇಷ್ಟು ಖರ್ಚಾ?”

ಹನುಮೇಶ್ ಅವಸರದಲ್ಲಿ ವಿಳಾಸ ಒತ್ತಿದ. ಕೈಗವಸು ಹಾಕಿಕೊಂಡೇ ಒತ್ತಬಹುದಾದ ಪರದೆ. ಅದರ ಹೆಗ್ಗಳಿಕೆಗಳಲ್ಲಿ ಒಂದು. ಪಿ.ಬಿ. ರಸ್ತೆಗಳ ಪಟ್ಟಿ ಬಂತು. ದಪ್ಪ ಬೆರಳು ಮೇಲಿಂದ ಮೂರನೆಯದರ ಮೇಲೆ ಬಿತ್ತು. ‘ಐವತ್ತೆರಡು ಕಿಲೋಮೀಟರ್’ ಎಂದಿತು ಯಂತ್ರ. ಹರಿಹರ ಇರುವುದು ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ. ‘ತಿರುವು ಜಾಸ್ತಿ ಹುಡುಕಿರಬೇಕು’ ಎಂದು ಹನುಮೇಶ್ ಮೆಚ್ಚಿಕೊಂಡ.

ಮೂವರೂ ನೇರ ದಾರಿಯಲ್ಲಿ ಹೊರಟುಹೋದರು. ಯಂತ್ರ ಅವನನ್ನು ಊರಾಚೆಗೆ ತಂದು ಒಂದು ನಾಲೆಯ ಏರಿಗೆ ಹತ್ತಿಸಿತು. ನಿಜಕ್ಕೂ ಚೆಂದದ ದಾರಿ. ಎರಡೂ ಕಡೆ ಕೊಯ್ಲಾದ ಗದ್ದೆ, ನೀರಿನ ಮೇಲೆ ಕೊಕ್ಕರೆ, ಇಪ್ಪತ್ತು ವರ್ಷ ದಾವಣಗೆರೆಯಲ್ಲಿದ್ದೂ ನೋಡಿರದ ತಿರುವುಗಳು. ಪ್ರತಿ ತಿರುವಿಗೆ ಇನ್ನೂರು ಮೀಟರ್ ಮೊದಲೇ ಯಂತ್ರದ ಹೆಣ್ಣು ದನಿ ಎಚ್ಚರಿಸುತ್ತಿತ್ತು. ಹನುಮೇಶ್ ಬೈಕಿನ ಮೀಟರಿನಲ್ಲಿ ಅಳೆದ. ಇನ್ನೂರೇ. ಕೂದಲೆಳೆ ಆಚೀಚೆ ಇಲ್ಲ. “ಭಲೆ ತಾಯಿ,” ಎಂದ.

ಮುಂದೆ ರಸ್ತೆ ತುಂಬ ಭತ್ತ ಒಣಗಲು ಹರಡಿತ್ತು. ಅದರ ಮಾಲೀಕ ತಿಪ್ಪೇರುದ್ರಪ್ಪ ಕೈ ಅಡ್ಡ ಹಿಡಿದ.

“ಎಲ್ಲಿಗ್ರೀ?”

“ಹರಿಹರ.”

“ಹರಿಹರ ಆ ಕಡೆ ಐತಲ್ರೀ!”

“ಗೊತ್ತು.”

“ಗೊತ್ತಿದ್ದೂ ಈ ಕಡೆ ಯಾಕ ಹೊಂಟೀರಿ?”

“ಇವರು ಹೇಳ್ಯಾರೆ,” ಎಂದು ಹನುಮೇಶ್ ಯಂತ್ರ ತೋರಿಸಿದ.

ತಿಪ್ಪೇರುದ್ರಪ್ಪ ಬಗ್ಗಿ ಯಂತ್ರವನ್ನು ನೋಡಿದ, ನೆಟ್ಟಗಾಗಿ ಹನುಮೇಶನನ್ನು ನೋಡಿದ. “ಅವರಿಗೆ ಭತ್ತ ಕಾಣಂಗಿಲ್ಲೇನು? ಹಿಂದಕ್ಕೆ ಹೋಗ್ರಿ.”

ಹಿಂದಕ್ಕೆ ಹೋಗುವಂತಿರಲಿಲ್ಲ, ಯಂತ್ರ ‘ನೇರವಾಗಿ ಮುಂದುವರಿಯಿರಿ’ ಎನ್ನುತ್ತಿತ್ತು. ಹನುಮೇಶ್ ಹೆಲ್ಮೆಟ್ ತೆಗೆಯದೆಯೇ ಕೆಳಗಿಳಿದು, ಹಲಗೆ ಇಸಕೊಂಡು, ಐವತ್ತು ಅಡಿ ಉದ್ದಕ್ಕೆ ಭತ್ತವನ್ನು ಬದಿಗೆ ಎಳೆದು, ಬೈಕು ದಾಟಿಸಿ, ಮತ್ತೆ ಹಾಗೇ ಹರಡಿಕೊಟ್ಟ. ಮುಕ್ಕಾಲು ಗಂಟೆ ಹಿಡಿಯಿತು. “ಇಷ್ಟು ಸಮಾ ನಮ್ ಆಳೂ ಹರವಂಗಿಲ್ಲ,” ಎಂದು ತಿಪ್ಪೇರುದ್ರಪ್ಪ ಮನಸಾರೆ ಹೊಗಳಿದ. “ನಾಳೆ ಬರ್ತೀರೇನು?”

ಒಂದೂವರೆಗೆ ಹರಿಹರ ಬಂತು. ಬಟ್ಟೆಯ ಮಡಿಕೆಗಳಲ್ಲೆಲ್ಲ ಭತ್ತ ತುಂಬಿಕೊಂಡು ಹನುಮೇಶ್ ಪಿ.ಬಿ. ರಸ್ತೆಗೆ ಇಳಿದ. ಸ್ವಲ್ಪ ಮುಂದೆ ಪೆಟ್ರೋಲ್ ಬಂಕು. ಅದರ ಎದುರಿಗೆ ಹೊಸ ಬಣ್ಣದ ಮನೆ. ಗೇಟಿನಲ್ಲಿ ಹಯಾತ್ ಸಾಬ್, ಗುರುಮೂರ್ತಿ, ಮಹೇಂದ್ರ, ನಿಂಗರಾಜು ನಾಲ್ವರೂ ನಿಂತಿದ್ದರು. ಒಳಗಿನಿಂದ ಬಿರಿಯಾನಿಯ ವಾಸನೆ ರಸ್ತೆಯವರೆಗೂ ಬಂದು ಅವನನ್ನು ಹಿಡಿದುಕೊಂಡಿತು. ಬ್ರೇಕಿನ ಮೇಲೆ ಕಾಲು ಹೋಯಿತು.

‘ನೇರವಾಗಿ ಮುಂದುವರಿಯಿರಿ’ ಎಂದಿತು ಯಂತ್ರ.

“ಏ ಹನುಮೇಶ್, ಇದೇ ಕಣೋ ಮನೆ! ನಿಲ್ಸೋ!” ಗುರುಮೂರ್ತಿ ಎರಡೂ ಕೈ ಎತ್ತಿದ.

‘ನಾವೇ ಬಂದು ಹೇಳಿದ್ರೂ ಕೇಳಬ್ಯಾಡ.’ ಹನುಮೇಶ್ ಒಳಗೊಳಗೇ ನಕ್ಕ. ಎಂಥಾ ಕಟ್ಟುನಿಟ್ಟಿನ ಪರೀಕ್ಷೆ! ಯಾರದೋ ಮನೆ ಮುಂದೆ ನಿಂತು, ಬಿರಿಯಾನಿ ಬೇಯಿಸಿ ಆಸೆ ತೋರಿಸುತ್ತಿದ್ದಾರೆ. ಅವನು ಕಾಲು ತೆಗೆದ, ಗುರುಮೂರ್ತಿಗೆ ಒಂದು ಸೆಲ್ಯೂಟ್ ಹೊಡೆದ, ಮುಂದೆ ಹೋದ.

“ಹನುಮೇಶ್ ಬೇಟಾ, ಖಾನಾ ಆರಿಹೋಗ್ತದೋ!” ಎಂದು ಕೂಗುತ್ತ ಎಪ್ಪತ್ತರ ಹಯಾತ್ ಸಾಬ್ ಇಪ್ಪತ್ತು ಹೆಜ್ಜೆ ಓಡಿದರು. ಹಿಂದೆ ನಿಂಗರಾಜು ಅವನಿಗೆ ಫೋನ್ ಮಾಡಲು ಕಿಸೆಯಿಂದ ಮೊಬೈಲ್ ತೆಗೆದ, ಅದು ಹನುಮೇಶನದೇ.

ಯಂತ್ರ ಅವನನ್ನು ಸೇತುವೆ ಹತ್ತಿಸಿತು. ಕೆಳಗೆ ತುಂಗಭದ್ರೆ ಹರಿಯುತ್ತಿದ್ದಳು. ಹೊಳೆ ದಾಟಿದ ಮೇಲೆ ಹರಿಹರ ಇಲ್ಲ ಎಂಬುದು ಹನುಮೇಶ್‌ಗೆ ಗೊತ್ತಿತ್ತು. ಆದರೆ ಹಾಗೆ ಗೊತ್ತಿರುವುದು ಬುದ್ಧಿ, ಅದು ಮನೆಯಲ್ಲಿರಬೇಕಿತ್ತು.

ಎರಡೂಕಾಲಿಗೆ ರಾಣೆಬೆನ್ನೂರಿನ ಪಿ.ಬಿ. ರಸ್ತೆಯಲ್ಲಿ, ಒಂದು ಪೆಟ್ರೋಲ್ ಬಂಕಿನ ಎದುರು, ಬಾಗಿಲು ಹಾಕಿದ ದನದ ಹಿಂಡಿ ಅಂಗಡಿಯ ಮುಂದೆ ಯಂತ್ರ ಹೇಳಿತು: ‘ನೀವು ತಲುಪಬೇಕಾದ ಸ್ಥಳ ಬಂದಿದೆ.’

ಹನುಮೇಶ್ ಅಂಗಡಿಯ ಬೋರ್ಡು ಓದಿದ. ಪರದೆ ಓದಿದ. ತಾನು ಬರೆದ ವಿಳಾಸ ಓದಿದ. ಅಳತೆ ಪರೀಕ್ಷಕನಿಗೆ ತಪ್ಪು ಯಾವ ಕಡೆಯದು ಎಂದು ಕಾಣಲು ಎರಡು ನಿಮಿಷ ಸಾಕಾಯಿತು. ಊರಿನ ಹೆಸರು ಬಿಟ್ಟವನು ತಾನು, ತಾನೇ ಒತ್ತಿದ ಜಾಗಕ್ಕೆ ಯಂತ್ರ ತಂದು ಮುಟ್ಟಿಸಿತ್ತು. ಬಂಕಿನ ಎದುರೇ. ಹತ್ತಡಿ ಕೂಡ ಆಚೀಚೆ ಇಲ್ಲ.

ಅವನು ಹರಿಹರಕ್ಕೆ ಮರಳಿದಾಗ ಮೂರೂವರೆ. ಬಯ್ಗುಳಕ್ಕೆ ತಲೆ ತಗ್ಗಿಸಿಕೊಂಡೇ ಒಳಗೆ ಬಂದ. ಎಲ್ಲವನ್ನೂ ಹೇಳಿದ, ಭತ್ತ ಕೂಡ ಬಿಡಲಿಲ್ಲ. ಹಯಾತ್ ಸಾಬರ ಹೆಂಡತಿ ಸಿದ್ದೀಕಾ ತೆಗೆದಿಟ್ಟಿದ್ದ ತಟ್ಟೆ ತಂದಿಟ್ಟರು. ಯಾರೂ ಬಯ್ಯಲಿಲ್ಲ.

“ಯಂತ್ರ ಪಾಸು,” ಎಂದ ಗುರುಮೂರ್ತಿ. “ನಾಲೆ, ಹೊಳೆ, ಜಿಲ್ಲೆ ದಾಟಿದ್ರೂ ತಪ್ಪಲಿಲ್ಲ. ಡಿಸೆಂಬರ್‌ಗೆ ಇದೇ.”

ಹನುಮೇಶ್ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. “ಹಂಗಾದ್ರೆ ನಾನು...”

“ನೀನೂ ಪಾಸು ಕಣೋ!” ಎಂದ ಗುರುಮೂರ್ತಿ. “ಮೂವತ್ತು ವರ್ಷ ಆಳು ನೋಡೀನಿ, ಇಂಥವನ್ನ ನೋಡಿಲ್ಲ. ನಾವು ಬಾಯಿ ಬಡ್ಕೊಂಡ್ರೂ, ಬಿರಿಯಾನಿ ಮೂಗಿಗೆ ಬಡಿದ್ರೂ ಹೇಳಿದ ದಾರಿ ಬಿಡಲಿಲ್ಲ. ಮಹೇಂದ್ರ, ಯಂತ್ರ ನಿನ್ ಬೈಕಿಗೆ ಕಟ್ಕೋ.”

“ನನಗಾ?” ಎಂದ ಮಹೇಂದ್ರ. “ನಾನು ಯಾರ ಮಾತೂ ಕೇಳಲ್ಲ ಸರ್.”

“ಅದಕ್ಕೇ. ಮುಂದೆ ಇರೋನಿಗೆ ಯಂತ್ರ ತಪ್ಪು ಹೇಳಿದ್ರೆ ಸುಮ್ಕಿರು ಅನ್ನೋ ಸೊಕ್ಕು ಬೇಕು. ಹಿಂದೆ ಇರೋನಿಗೆ ಏನೇ ಆದ್ರೂ ಬೆನ್ನು ಬಿಡದ ನಿಷ್ಠೆ ಬೇಕು. ಹನುಮೇಶ್ ಹಿಂದಿದ್ರೆ ಒಂದು ಬೈಕೂ ಕಳೆಯಂಗಿಲ್ಲ.”

“ಸುಭಾನಲ್ಲಾ, ಸರಿಯಾದ ಮಾತು,” ಎಂದು ಹಯಾತ್ ಸಾಬ್ ಕಣ್ಣೊರೆಸಿಕೊಂಡರು. ನಿಂಗರಾಜು ಚಪ್ಪಾಳೆ ತಟ್ಟಿದ. ಸಿದ್ದೀಕಾ ಇನ್ನೊಂದು ಚಮಚ ಬಿರಿಯಾನಿ ಬಡಿಸಿದರು.

“ಈ ಡಿಸೆಂಬರ್ ಒಂದೇ ಅಲ್ವಾ ಸರ್?” ಹನುಮೇಶ್ ಕ್ಷೀಣವಾಗಿ ಕೇಳಿದ.

ಗುರುಮೂರ್ತಿ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

“ಖಾಯಂ ಕಣೋ. ನಿನ್ನಂಥ ಇನ್ನೊಬ್ಬ ನಮಗೆ ಎಲ್ಲಿ ಸಿಗ್ತಾನೆ?”